ಅಜ್ಜಿಯ ಓಲೆ, ಮೊಮ್ಮಗಳ ಉಂಗುರ

ಹೋದ ತಿಂಗಳು ಮಂಡ್ಯದ ಹುಡುಗ, ಹುಡುಗಿ ತಮ್ಮೊಂದಿಗೆ ಅಜ್ಜಿಯನ್ನೂ ಕರೆದುಕೊಂಡು ಮೈಸೂರಿನ ಅಶೋಕ ರಸ್ತೆಗೆ, ನಾನು ಅಕ್ಕಸಾಲಿ ಕೆಲಸ ಮಾಡುವ ಜಾಗಕ್ಕೆ ಬಂದರು. ನಿಶ್ಚಿತಾರ್ಥಕ್ಕೆ ಎರಡು ಉಂಗುರ ಆಗಬೇಕಿತ್ತು. ಅದರ ಚಿನ್ನಕ್ಕಾಗಿ ಎಲ್ಲಿಯೂ ಹೊಸದಾಗಿ ನೆಲ ಅಗೆಯಬಾರದು ಎಂಬುದು ಹುಡುಗಿಯ ಷರತ್ತು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಜೊತೆ ಓಲೆ, ಕಡಿದುಹೋದ ಒಂದು ಸರ ತೆಗೆದು ನನ್ನ ಮುಂದಿಟ್ಟರು.

ಆ ಷರತ್ತು ನನಗೆ ಹಿಡಿಸಿತು. ಒಂದು ಟನ್ ಅದಿರು ಅರೆದರೆ ಸಿಗುವುದು ಸಾಮಾನ್ಯವಾಗಿ ಕೆಲವೇ ಗ್ರಾಂ ಚಿನ್ನ. ಮಿಕ್ಕಿದ್ದೆಲ್ಲ ಎಲ್ಲಿ ಹೋಗುತ್ತದೆ ಎಂಬುದನ್ನು ಕೋಲಾರದಲ್ಲಿ ನೋಡಬಹುದು. ಗಣಿ 2001ರಲ್ಲಿ ಮುಚ್ಚಿತು, ಅರೆದ ಅದಿರಿನ ಸಯನೈಡ್ ದಿಬ್ಬಗಳು ಇಂದಿಗೂ ಅಲ್ಲಿಯೇ ಇವೆ. ಆಫ್ರಿಕಾ, ದಕ್ಷಿಣ ಅಮೆರಿಕಗಳ ಸಣ್ಣ ಗಣಿಗಳಲ್ಲಿ ಪಾದರಸ ಬೆರೆಸಿ ಚಿನ್ನ ಹಿಡಿಯುತ್ತಾರೆ, ಆಮೇಲೆ ಪಾದರಸವನ್ನು ಸುಟ್ಟು ಗಾಳಿಗೆ ಬಿಡುತ್ತಾರೆ.

ಹಾಗೆಂದು ‘ಮರುಬಳಕೆಯ ಚಿನ್ನ’ ಎಂಬ ಫಲಕ ಕಂಡ ಕೂಡಲೇ ಒಳಗೆ ಹೋಗಬೇಡಿ. ಚಿನ್ನವನ್ನು ಯಾರೂ ಎಸೆಯುವುದಿಲ್ಲ. ಅಕ್ಕಸಾಲಿಗರಾದ ನಾವು ನೆಲ ಗುಡಿಸಿದ ದೂಳನ್ನೂ ಕೂಡಿಟ್ಟು ಸೋಸುತ್ತೇವೆ. ಹಳೆಯ ಚಿನ್ನ ಹೇಗೂ ಮರುಬಳಕೆಯಾಗುತ್ತಲೇ ಇರುವುದರಿಂದ ಆ ಫಲಕದಿಂದ ಯಾವ ಗಣಿಯೂ ನಿಲ್ಲದು. ನಿಮ್ಮ ಬೀರುವಿನಲ್ಲಿ ಸುಮ್ಮನೆ ಕುಳಿತಿರುವ ಚಿನ್ನ ಹೊಸ ಖರೀದಿಯೊಂದನ್ನು ತಪ್ಪಿಸಿದರೆ ಮಾತ್ರ ಪ್ರಯೋಜನ. ಹಳೆಯದನ್ನು ಕೊಟ್ಟು ಹೊಸದಕ್ಕೆ ಬದಲಿಸಿಕೊಳ್ಳಬೇಡಿ, ‘ನಮ್ಮ ಕಣ್ಣೆದುರೇ ಕರಗಿಸಿ ಅದರಲ್ಲಿಯೇ ಮಾಡಿಕೊಡಿ’ ಎಂದು ಕೇಳಿ.

ಓಲೆ, ಸರ ಎರಡನ್ನೂ ಮೂಸೆಗೆ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ ಉರಿ ಹಿಡಿದೆ. ಮೊದಲು ಕಪ್ಪು ಕೆನೆ ಕಟ್ಟಿತು. ಆಮೇಲೆ ಕೆನೆ ಸರಿದು ಕೆಳಗಿನ ಚಿನ್ನ ಕನ್ನಡಿಯಂತೆ ನಡುಗಿತು. ಅಜ್ಜಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ತಣಿದ ಗಟ್ಟಿ ಹತ್ತು ಗ್ರಾಂ ತೂಗಿತು. ಪರೀಕ್ಷೆಯಲ್ಲಿ ಬಂದದ್ದು 20 ಕ್ಯಾರೆಟ್. ಹಳೆಯ ಒಡವೆಯಲ್ಲಿ ಬೆಸುಗೆ ಹೆಚ್ಚಿರುವುದರಿಂದ ಶುದ್ಧತೆ ಹೀಗೆ ಇಳಿಯುವುದುಂಟು.

ಎಲ್ಲರೂ ಎಡವುವುದು ಇಲ್ಲಿಯೇ. ಆ ಹತ್ತು ಗ್ರಾಂ ಅನ್ನು 22 ಕ್ಯಾರೆಟ್‌ಗೆ ಏರಿಸಲು ಇನ್ನೂ ಹತ್ತು ಗ್ರಾಂ ಅಪರಂಜಿ ಬೆರೆಸಬೇಕು. ಅಲ್ಲಿಗೆ ಷರತ್ತು ಮುರಿಯಿತು. ಅದನ್ನೇ 18ಕ್ಕೆ ಇಳಿಸಿದರೆ ಒಂದು ಗ್ರಾಂಗಿಂತ ತುಸು ಹೆಚ್ಚು ತಾಮ್ರ, ಬೆಳ್ಳಿ ಸೇರಿಸಿದರೆ ಸಾಕು, ಹೊಸ ಚಿನ್ನ ಬೇಕಿಲ್ಲ. ದಿನವೂ ಪಾತ್ರೆ, ಬೈಕಿನ ಹಿಡಿಗೆ ತಾಗುವ ಉಂಗುರಕ್ಕೆ 18 ಕ್ಯಾರೆಟ್ಟೇ ಗಟ್ಟಿ.

“ಹದಿನೆಂಟು ಎಂದರೆ ಕಲಬೆರಕೆ ಅಲ್ಲವೇನಪ್ಪ?” ಎಂದರು ಅಜ್ಜಿ.

“ನಿಮ್ಮ ಚಿನ್ನದಲ್ಲಿ ಒಂದು ಗುಲಗಂಜಿಯೂ ಕಡಿಮೆಯಾಗುವುದಿಲ್ಲ ಅಮ್ಮ, ಅದಕ್ಕೆ ಜೊತೆ ಸೇರುತ್ತದೆ ಅಷ್ಟೇ” ಎಂದೆ.

ಬೆಸುಗೆಯ ವಿಚಾರವನ್ನು ನಾನು ಒತ್ತಿ ಹೇಳಲೇಬೇಕು. ‘ಕೆಡಿಎಂ’ ಎಂದರೆ ಶುದ್ಧತೆಯ ಗುರುತು ಎಂದು ಇಂದಿಗೂ ಕೇಳಿಕೊಂಡು ಬರುವವರಿದ್ದಾರೆ. ಅದು ಕ್ಯಾಡ್ಮಿಯಂ ಬೆಸುಗೆ. ಅದರ ಹೊಗೆ ಕೆಲಸಗಾರನ ಶ್ವಾಸಕೋಶ, ಮೂತ್ರಪಿಂಡಗಳನ್ನು ತಿನ್ನುತ್ತದೆ. ಸತುವಿನ ಬೆಸುಗೆ ಕೇಳಿ, ಇಲ್ಲವೇ ಬೆಸುಗೆಯೇ ಇಲ್ಲದೆ ಎರಕ ಹೊಯ್ದ ಉಂಗುರ ಮಾಡಿಸಿ. ಹಳೆಯ ಸರದಲ್ಲಿಯೂ ಕ್ಯಾಡ್ಮಿಯಂ ಇರಬಹುದಾದ್ದರಿಂದ ಹೊಗೆ ಎಳೆಯುವ ಫ್ಯಾನ್ ಇಲ್ಲದ ಕಡೆ ಕರಗಿಸಲು ಕೊಡಬೇಡಿ.

ಹಾಲ್‌ಮಾರ್ಕ್ ಹಾಕಿಸಿ, ಒಡವೆಯ ಮೇಲೆ ಕೊರೆಯುವ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಆದರೆ ಅದು ಹೇಳುವುದು ಶುದ್ಧತೆಯನ್ನು, ಚಿನ್ನ ಎಲ್ಲಿಂದ ಬಂತು ಎಂಬುದನ್ನಲ್ಲ. ವಜ್ರ ಬೇಕೆಂದರೆ ಮನೆಯ ಹಳೆಯ ಕಲ್ಲನ್ನೇ ಕೂರಿಸಿ. ಪ್ರಯೋಗಾಲಯದ ವಜ್ರಕ್ಕೆ ಗಣಿ ಬೇಡ, ಆದರೆ ಬಹಳ ವಿದ್ಯುತ್ ಬೇಕು. ಸುತ್ತಲೂ ಕಲ್ಲು ಕೂರಿಸಿದ ಉಂಗುರ ಬೇಡ. ಬೆರಳು ದಪ್ಪವಾದಾಗ ಅದನ್ನು ಹಿಗ್ಗಿಸಲಾಗದೆ ಮತ್ತೆ ಕರಗಿಸಬೇಕಾಗುತ್ತದೆ.

ಹುಡುಗನಿಗೆ ಐದೂವರೆ ಗ್ರಾಂ, ಹುಡುಗಿಗೆ ಮೂರೂವರೆ ಗ್ರಾಂ ಹಿಡಿಯಿತು. ಅರದ ಪುಡಿಯನ್ನೂ ಸೇರಿಸಿ ಕರಗಿಸಿ, ಉಳಿದ ಎರಡು ಗ್ರಾಂ ಗುಂಡನ್ನು ಅಜ್ಜಿಯ ಅಂಗೈಗಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಮತ್ತೆ ಸೆರಗಿಗೆ ಕಟ್ಟಿಕೊಂಡರು.