ಅಟ್ಯಾಚ್‌ಮೆಂಟ್: ಬಿಟ್ಟು ಹೋಗುವಾಗಿನ ಅಳುವಲ್ಲ, ವಾಪಸ್ ಬಂದಾಗಿನ ನಡೆ

ಡಿಗ್ರಿ ಮೊದಲ ವರ್ಷದ ಸೈಕಾಲಜಿಯಲ್ಲಿ ಸುಲಭ ಅಂತ ಹುಡುಗರು ಹಾರಿಸಿಬಿಡುವ ಪಾಠ ಇದು. ಅಮ್ಮ-ಮಗುವಿನ ಪ್ರೀತಿ ತಾನೇ, ಓದೋಕೆ ಏನಿದೆ? ಇದೆ. ಪ್ರೀತಿ ಎಷ್ಟಿದೆ ಅನ್ನುವ ಲೆಕ್ಕವೇ ಈ ಪಾಠದಲ್ಲಿ ಇಲ್ಲ. ಮಗುವಿಗೆ ಹೆದರಿಕೆಯಾದಾಗ, ನೋವಾದಾಗ, ಸುಸ್ತಾದಾಗ ಯಾರ ಹತ್ತಿರ ಓಡುತ್ತದೆ, ಓಡಿದ ಮೇಲೆ ಸಮಾಧಾನ ಆಗುತ್ತದಾ, ಆಮೇಲೆ ಮತ್ತೆ ಆಟಕ್ಕೆ ಹೋಗುತ್ತದಾ. ಅಟ್ಯಾಚ್‌ಮೆಂಟ್ ಅಂದರೆ ಈ ನಂಟು.

ಜೂನ್ ಮಳೆಯಲ್ಲಿ ಕೊಡಗಿನ ಸೋಮವಾರಪೇಟೆ ಕಡೆಯ ಯಾವುದಾದರೂ ಅಂಗನವಾಡಿ ಬಾಗಿಲಲ್ಲಿ ನಿಂತು ನೋಡಿ. ಒಂದು ಮಗು ಅಮ್ಮನ ಸೆರಗು ಬಿಡದೆ ಕಿರುಚುತ್ತದೆ. ಇನ್ನೊಂದು ತಿರುಗಿಯೂ ನೋಡದೆ ಒಳಗೆ ಹೋಗುತ್ತದೆ. ಕೊಡೆ ಹಿಡಿದು ನಿಂತವರೆಲ್ಲ ಎರಡನೆಯದನ್ನು ಜಾಣ ಮರಿ ಅನ್ನುತ್ತಾರೆ, ಮೊದಲನೆಯದಕ್ಕೆ ಮುದ್ದು ಜಾಸ್ತಿಯಾಗಿದೆ ಅನ್ನುತ್ತಾರೆ. ಇಷ್ಟು ನೋಡಿ ಎರಡರ ಬಗ್ಗೆಯೂ ಏನೂ ಹೇಳೋಕಾಗಲ್ಲ.

ಈ ವಿಚಾರಕ್ಕೆ ಅಡಿಪಾಯ ಹಾಕಿದವರು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ. ಅವರನ್ನು ಜಾಸ್ತಿ ಸಾಕಿದ್ದು ಮನೆಯ ದಾದಿ, ಅವರಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಆಕೆ ಕೆಲಸ ಬಿಟ್ಟು ಹೋದಳು. ಆಗಿನ ನಂಬಿಕೆ ಏನಿತ್ತು ಅಂದರೆ, ಹಾಲು ಕೊಡುವವರಿಗೆ ಮಗು ಅಂಟಿಕೊಳ್ಳುತ್ತದೆ ಅಷ್ಟೇ. ಬೌಲ್ಬಿ ಒಪ್ಪಲಿಲ್ಲ. ಅಪಾಯ ಬಂದಾಗ ದೊಡ್ಡವರ ಹತ್ತಿರ ಸೇರುವ ಮರಿ ಬದುಕುತ್ತದೆ, ಆ ಗುಣ ಹುಟ್ಟಿನಿಂದಲೇ ಬರುತ್ತದೆ ಅಂದರು. ಹಾಲಿನ ವಾದಕ್ಕೆ ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೋ 1958ರಲ್ಲಿ ಪ್ರಕಟಿಸಿದ ಕೋತಿಮರಿಗಳ ಪ್ರಯೋಗ ದೊಡ್ಡ ಪೆಟ್ಟು ಕೊಟ್ಟಿತು: ತಾಯಿಯ ಬದಲಿಗೆ ಎರಡು ಗೊಂಬೆ ಇಟ್ಟಿದ್ದರು, ತಂತಿಯ ಗೊಂಬೆಯಲ್ಲಿ ಹಾಲು ಇದ್ದರೂ ಮರಿಗಳು ದಿನದ ಬಹುಪಾಲು ಬಟ್ಟೆ ಸುತ್ತಿದ ಗೊಂಬೆಯನ್ನೇ ಅಪ್ಪಿಕೊಂಡಿದ್ದವು. (ಆ ಮರಿಗಳ ಪಾಡು ಓದಿದರೆ ಹೊಟ್ಟೆ ಕಿವುಚುತ್ತದೆ, ಈಗ ಅಂಥ ಪ್ರಯೋಗಕ್ಕೆ ಅನುಮತಿ ಸಿಗುವುದು ಕಷ್ಟ.)

ನನಗೆ ಇಡೀ ಪಾಠದಲ್ಲಿ ಇಷ್ಟವಾಗುವವರು ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್. 1950ರ ದಶಕದಲ್ಲಿ ಉಗಾಂಡದ ಹಳ್ಳಿಮನೆಗಳಲ್ಲಿ ಕೂತು ತಾಯಿ-ಮಗುವನ್ನು ಗಮನಿಸಿದರು, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಅಲ್ಲಿ ಹುಟ್ಟಿದ್ದೇ ಸ್ಟ್ರೇಂಜ್ ಸಿಚುಯೇಶನ್ (ಅಪರಿಚಿತ ಸನ್ನಿವೇಶ) ಅನ್ನುವ ಪರೀಕ್ಷೆ. 12ರಿಂದ 18 ತಿಂಗಳ ಮಗು, ಗೊತ್ತಿಲ್ಲದ ಕೋಣೆ, ಒಂದಷ್ಟು ಆಟಿಕೆ. ಅಮ್ಮ ಇರುತ್ತಾಳೆ, ಅಪರಿಚಿತೆಯೊಬ್ಬಳು ಬರುತ್ತಾಳೆ, ಅಮ್ಮ ಹೊರಗೆ ಹೋಗುತ್ತಾಳೆ, ವಾಪಸ್ ಬರುತ್ತಾಳೆ, ಇನ್ನೊಮ್ಮೆ ಹೋಗುತ್ತಾಳೆ, ಬರುತ್ತಾಳೆ. ಒಟ್ಟು 8 ಹಂತ, ಹೆಚ್ಚಿನವು ಮೂರು ಮೂರು ನಿಮಿಷ, ಮಗು ತುಂಬಾ ಅತ್ತರೆ ಬೇಗ ಮುಗಿಸುತ್ತಾರೆ.

ಎಲ್ಲರೂ ಎಡವುವುದು ಇಲ್ಲೇ. ಹೋಗುವಾಗ ಎಷ್ಟು ಅತ್ತಿತು ಅನ್ನುವುದಕ್ಕಿಂತ ಇಲ್ಲಿ ಮುಖ್ಯ, ಬಂದಾಗ ಏನು ಮಾಡಿತು ಅನ್ನುವುದು. ಚೆನ್ನಾಗಿ ಅತ್ತು, ಅಮ್ಮ ಬಂದ ಕೂಡಲೇ ಕೈ ಚಾಚಿ, ಎತ್ತಿಕೊಂಡ ಮೇಲೆ ಸಮಾಧಾನವಾಗಿ ಮತ್ತೆ ಆಟಿಕೆ ಹಿಡಿದರೆ ಅದು ಸೆಕ್ಯೂರ್. ಬಂದವಳನ್ನು ಕಂಡೂ ಕಾಣದ ಹಾಗೆ ಮುಖ ತಿರುಗಿಸಿದರೆ ಅವಾಯ್ಡೆಂಟ್. ಎತ್ತಿಕೋ ಅಂತ ಅಂಟಿಕೊಂಡು, ಎತ್ತಿಕೊಂಡರೆ ಕೋಪದಿಂದ ಒದ್ದಾಡಿ, ಸಮಾಧಾನವೇ ಆಗದಿದ್ದರೆ ಆಂಬಿವೇಲೆಂಟ್. ಹತ್ತಿರ ಬರುತ್ತಾ ಬರುತ್ತಾ ಸುಮ್ನೆ ಮರಗಟ್ಟಿ ನಿಲ್ಲುವಂಥ ಗೊಂದಲದ ಮಕ್ಕಳಿಗೆ ಡಿಸ್‌ಆರ್ಗನೈಸ್ಡ್ ಅನ್ನುವ ನಾಲ್ಕನೆಯ ಗುಂಪನ್ನು ಆಮೇಲೆ ಮೇರಿ ಮೇನ್ ಮತ್ತು ಜೂಡಿತ್ ಸಾಲೊಮನ್ ಸೇರಿಸಿದರು.

ಅಳದ ಅವಾಯ್ಡೆಂಟ್ ಮಗು ಒಳಗೂ ತಣ್ಣಗಿದೆ ಅಂದುಕೊಳ್ಳಬೇಡಿ. ಎದೆಬಡಿತ ಅಳೆದು ನೋಡಿದಾಗ ಆ ಮಕ್ಕಳ ಬಡಿತವೂ ಏರಿತ್ತು. ಹಾಗಂತ ಅಂಗನವಾಡಿಯ ಆ ಜಾಣ ಮರಿಗೆ ಅವಾಯ್ಡೆಂಟ್ ಅಂತ ಚೀಟಿ ಅಂಟಿಸಲೂಬಾರದು. ಮೂರು ವರ್ಷ ದಾಟಿದ ಮಗು, ಅಕ್ಕ ಅದೇ ಅಂಗನವಾಡಿಯಲ್ಲಿ ಓದಿದ್ದಾಳೆ, ಜಾಗ ಗೊತ್ತು, ಹೆದರಿಕೆಯೇ ಇಲ್ಲದಿರಬಹುದು ಅಲ್ವಾ.

ಇನ್ನೊಂದು ತಪ್ಪು, ಎಲ್ಲ ಭಾರ ಅಮ್ಮನ ತಲೆಗೆ ಕಟ್ಟುವುದು. 1964ರಲ್ಲಿ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ ಗ್ಲಾಸ್ಗೋದ 60 ಮಕ್ಕಳ ಅಧ್ಯಯನ ಪ್ರಕಟಿಸಿದರು. ಒಂದೂವರೆ ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳಿಗೆ ಅಪ್ಪ, ಅಜ್ಜಿ ಹೀಗೆ ಒಬ್ಬರಿಗಿಂತ ಹೆಚ್ಚು ಜನರ ಜೊತೆ ಇಂಥ ನಂಟು ಬೆಳೆದಿತ್ತು. ಕೊಡಗಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಸೈನ್ಯದಲ್ಲಿ, ಅಮ್ಮ ತೋಟದ ಲೆಕ್ಕದಲ್ಲಿ, ಮಗು ಅಜ್ಜಿಯ ಸೊಂಟದ ಮೇಲೆ. ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ದೊಡ್ಡ ಅಕ್ಕನೇ ಚಿಕ್ಕದನ್ನು ಎತ್ತಿಕೊಂಡಿರುತ್ತಾಳೆ (ಅವಳ ಶಾಲೆ ತಪ್ಪುತ್ತದೆ, ಆ ಮಾತು ಬೇರೆ).

ಇದರಿಂದಲೇ ಒಂದು ವಿಷಯ ಗೊತ್ತಾಗುತ್ತದೆ. ಸೆಕ್ಯೂರ್, ಅವಾಯ್ಡೆಂಟ್ ಅನ್ನುವುದು ಮಗುವಿನ ಸ್ವಭಾವಕ್ಕೆ ಕೊಟ್ಟ ಹೆಸರಲ್ಲ, ಇಬ್ಬರ ನಡುವಿನ ನಂಟಿಗೆ ಕೊಟ್ಟದ್ದು. ಅಮ್ಮನ ಜೊತೆ ಒಂದು ಥರ ಇರುವ ಮಗು ಅಪ್ಪನ ಜೊತೆ ಇನ್ನೊಂದು ಥರ ಇರಬಹುದು. ಕಾಲ ಕಳೆದಂತೆ, ನೋಡಿಕೊಳ್ಳುವ ರೀತಿ ಬದಲಾದಂತೆ, ಅದೂ ಬದಲಾಗಬಹುದು.

ಈಗ ಫೋನಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಒತ್ತಿ 'ನಾನು ಅವಾಯ್ಡೆಂಟ್, ಅದಕ್ಕೇ ಅವಳ ಮೆಸೇಜಿಗೆ ರಿಪ್ಲೈ ಮಾಡಲ್ಲ' ಅನ್ನುವ ಹುಡುಗರಿದ್ದಾರೆ. ದೊಡ್ಡವರ ಪ್ರೇಮಸಂಬಂಧಕ್ಕೆ ಈ ವಿಚಾರವನ್ನು ತಂದವರು ಸಿಂಡಿ ಹೇಝನ್ ಮತ್ತು ಫಿಲಿಪ್ ಶೇವರ್, 1987ರಲ್ಲಿ. ಅದು ಗಂಭೀರ ಸಂಶೋಧನೆಯೇ. ಆದರೆ ಅಲ್ಲಿ ಅಳೆಯುವುದು ಜನ ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು, ಐನ್ಸ್‌ವರ್ತ್ ಅಳೆದದ್ದು ಕಣ್ಣೆದುರು ಮಗು ಮಾಡಿದ್ದನ್ನು. ಪರೀಕ್ಷೆಯಲ್ಲಿ ಎರಡನ್ನೂ ಕಲಸಿ ಬರೆದರೆ ಅಂಕ ಹೋಗುತ್ತದೆ. ಮೆಸೇಜಿಗೆ ರಿಪ್ಲೈ ಮಾಡದಿರೋಕೆ ಬೇರೆ ಕಾರಣ ಹುಡುಕಿಕೊಳ್ಳಿ.