ಸಾಫ್ಟ್‌ನರ್ ಹಾಕಿಸಿದ ಮೇಲೆ ಟಿಡಿಎಸ್ ಎಷ್ಟಕ್ಕೆ ಇಳಿಯಬೇಕು?

ಓದುಗರ ಪ್ರಶ್ನೆ: ನಮ್ಮ ಮನೆ ವೈಟ್‌ಫೀಲ್ಡ್ ಕಡೆ. ನಾಲ್ಕು ಜನ ಇದ್ದೇವೆ. ಕಾವೇರಿ ಇಲ್ಲ, ಪೂರ್ತಿ ಬೋರ್ ನೀರು, ತುಂಬಾ ಗಡಸು. ಯಾವ ಸಾಫ್ಟ್‌ನರ್ ತಗೊಳ್ಳಲಿ? ಹಾಕಿಸಿದ ಮೇಲೆ ಟಿಡಿಎಸ್ ಎಷ್ಟಕ್ಕೆ ಇಳಿಯಬೇಕು?

ಎರಡನೇ ಪ್ರಶ್ನೆಯನ್ನು ಮೊದಲು ಮುಗಿಸೋಣ. ಸಾಫ್ಟ್‌ನರ್ ಅಂದರೆ ನೀರಿನ ಗಡಸುತನ ತೆಗೆಯುವ ಯಂತ್ರ, ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣ. ಸಾಫ್ಟ್‌ನರ್ ಹಾಕಿದರೆ ಟಿಡಿಎಸ್ ಇಳಿಯುವುದಿಲ್ಲ. ಇಳಿಯಬೇಕಾಗಿಯೂ ಇಲ್ಲ. ಇದನ್ನು ಎಷ್ಟು ಸಲ ಬರೆದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಇವತ್ತು ಬುಡದಿಂದಲೇ ಹೇಳಿಬಿಡುತ್ತೇನೆ.

ತಪ್ಪು ಶುರುವಾಗುವುದು ಆರ್‌ಓ ಸರ್ವಿಸ್‌ಗೆ ಬರುವವರ ಜೇಬಿನಲ್ಲಿರುವ, ಟಿಡಿಎಸ್ ಅಳೆಯುವ ಪೆನ್ನಿನಿಂದ. ನಲ್ಲಿ ನೀರಿಗೆ ಅದ್ದಿದರೆ 900, ಆರ್‌ಓ ನೀರಿಗೆ ಅದ್ದಿದರೆ 60. ನೋಡಿ ನೋಡಿ, ನೀರು ಒಳ್ಳೆಯದೋ ಕೆಟ್ಟದ್ದೋ ಎನ್ನುವುದೆಲ್ಲ ಆ ಒಂದು ಅಂಕಿಯಲ್ಲೇ ಇದೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆ ಪೆನ್ ಮಾಡುವುದು ಒಂದೇ ಕೆಲಸ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ, ಒಟ್ಟು ಎಷ್ಟು ಲವಣ ಕರಗಿರಬಹುದು ಅಂತ ಅಂದಾಜು ಹೇಳುತ್ತದೆ. ಯಾವ ಲವಣ ಅಂತ ಅದಕ್ಕೆ ಗೊತ್ತಿಲ್ಲ. ಗಡಸುತನ ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಾತ್ರ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ, ಟೈಲ್ಸ್ ಮೇಲಿನ ಕಲೆ, ಬೇಯದ ಬೇಳೆ, ನೊರೆ ಬಾರದ ಸೋಪು, ಎಲ್ಲಕ್ಕೂ ಕಾರಣ ಈ ಎರಡೇ.

ಈಗ ಸಾಫ್ಟ್‌ನರ್ ಒಳಗೆ ನೋಡಿ. ಆ ಉದ್ದನೆಯ ಸಿಲಿಂಡರ್ ತುಂಬ ರೆಸಿನ್ ಎನ್ನುವ ಸಣ್ಣ ಮಣಿಗಳು. ಪ್ರತಿ ಮಣಿಗೂ ಸೋಡಿಯಂ ಅಂಟಿಕೊಂಡಿರುತ್ತದೆ. ಗಡಸು ನೀರು ಹರಿದಾಗ ಕ್ಯಾಲ್ಸಿಯಂ ಮಣಿಗೆ ಅಂಟಿಕೊಳ್ಳುತ್ತದೆ, ಸೋಡಿಯಂ ನೀರಿಗೆ ಇಳಿಯುತ್ತದೆ. ಬಸ್ಸಿನಲ್ಲಿ ಒಬ್ಬ ದಢೂತಿ ಕೂರಬೇಕಾದರೆ ಇಬ್ಬರು ಎದ್ದು ಜಾಗ ಬಿಡಬೇಕಾಗುತ್ತದಲ್ಲ, ಹಾಗೆ. ಒಂದು ಕ್ಯಾಲ್ಸಿಯಂಗೆ ಎರಡು ಸೋಡಿಯಂ. ಒಂದು ಕ್ಯಾಲ್ಸಿಯಂ ತೂಕ 40, ಎರಡು ಸೋಡಿಯಂ ತೂಕ 46. ಅಂದರೆ ತೂಕದ ಲೆಕ್ಕದಲ್ಲಿ ನೀರಿನ ಲವಣ ಒಂಚೂರು ಹೆಚ್ಚೇ ಆಗುತ್ತದೆ! ಪೆನ್ನಿನಲ್ಲಿ ಮೊದಲಿನಷ್ಟೇ, ಸ್ವಲ್ಪ ಆಚೀಚೆ ತೋರಿಸುತ್ತದೆ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಅಷ್ಟೇ. ಮಣಿಗಳ ಸೋಡಿಯಂ ಮುಗಿದಾಗ ಉಪ್ಪುನೀರು ಹಾಯಿಸಿ ತೊಳೆದರೆ ಕ್ಯಾಲ್ಸಿಯಂ ಬಿಟ್ಟುಹೋಗಿ ಮತ್ತೆ ಸೋಡಿಯಂ ಅಂಟಿಕೊಳ್ಳುತ್ತದೆ.

ನಂಬಿಕೆ ಬರಲಿಲ್ಲವೇ? ಒಂದು ಲೀಟರ್ ಆರ್‌ಓ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕಲಸಿ. ಟಿಡಿಎಸ್ ನೂರಾರು ಅಂಕಿ ಏರುತ್ತದೆ. ಈಗ ಅದೇ ನೀರಿಗೆ ಮೈಸೋಪಿನ ನಾಲ್ಕು ಚೂರು ಹಾಕಿ ಬಾಟಲಿಯಲ್ಲಿ ಕುಲುಕಿ. ನೊರೆ ಚೆನ್ನಾಗಿ ಬರುತ್ತದೆ. ಟಿಡಿಎಸ್ ಜಾಸ್ತಿ, ಗಡಸುತನ ಇಲ್ಲವೇ ಇಲ್ಲ. ಶಾಂಪೂ, ಡಿಟರ್ಜೆಂಟ್ ಹಾಕಿ ಪರೀಕ್ಷೆ ಮಾಡಬೇಡಿ. ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ.

ಈ ತಪ್ಪು ತಿಳಿವಳಿಕೆಯಿಂದ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಅದಕ್ಕೇ ನನಗೆ ಬೇಜಾರು. ಪೆನ್ ಅದ್ದಿ, ಯಂತ್ರ ಕೆಟ್ಟಿದೆ ಅಂದುಕೊಂಡು ದಿನಾ ಉಪ್ಪು ಸುರಿಯುವವರಿದ್ದಾರೆ. ಚೆನ್ನಾಗಿರುವ ರೆಸಿನ್ ತೆಗೆಸಿ ಹೊಸದು ಹಾಕಿಸುವವರಿದ್ದಾರೆ. ಸಾಫ್ಟ್‌ನರ್ ಹಾಕಿದರೆ ಟಿಡಿಎಸ್ ಇಳಿಯುತ್ತದೆ ಅಂತ ಹೇಳಿ ಮಾರುವವರೂ ಇದ್ದಾರೆ. ಹಾಗೆ ಹೇಳುವವರ ಹತ್ತಿರ ಕೊಳ್ಳಲೇಬೇಡಿ. ಸಾಫ್ಟ್‌ನರ್ ವಿಷಯದಲ್ಲಿ ಪೆನ್ನಿನಿಂದ ಒಂದು ಉಪಯೋಗ ಇದೆ. ಉಪ್ಪುನೀರು ಹಾಯಿಸಿ ತೊಳೆದಾದ ಮೇಲೂ ಟಿಡಿಎಸ್ ಸಿಕ್ಕಾಪಟ್ಟೆ ಏರಿದ್ದರೆ, ಉಪ್ಪು ಇನ್ನೂ ಒಳಗೆ ಉಳಿದಿದೆ, ಇನ್ನಷ್ಟು ತೊಳೆಯಬೇಕು ಅಂತ ಅರ್ಥ.

ಅಳೆಯಬೇಕಾದದ್ದು ಗಡಸುತನ. ಅದಕ್ಕೆ ಹನಿ ಹಾಕಿ ನೋಡುವ ಕಿಟ್ ಸಿಗುತ್ತದೆ. ಕೆಂಪಗಿರುವ ನೀರು ನೀಲಿಗೆ ತಿರುಗಲು ಎಷ್ಟು ಹನಿ ಬೇಕಾಯಿತು ಅಂತ ಎಣಿಸಿದರೆ ಮುಗಿಯಿತು. ಐಎಸ್ 10500 ಎನ್ನುವ ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಪೈಪಿಗೆ ಮ್ಯಾಗ್ನೆಟ್ ಸುತ್ತುವ, ಉಪ್ಪೇ ಬೇಡ ಎನ್ನುವ ಸಾಧನಗಳನ್ನೂ ಇದೇ ಕಿಟ್‌ನಿಂದ ಪರೀಕ್ಷಿಸಿ. ಹನಿಗಳ ಲೆಕ್ಕ ಬದಲಾಗುವುದಿಲ್ಲ.

ಇನ್ನು ಯಾವುದು ಕೊಳ್ಳಬೇಕು. ಬ್ರ್ಯಾಂಡ್ ಕೇಳಬೇಡಿ, ರೆಸಿನ್ ಎಷ್ಟು ಲೀಟರ್ ಅಂತ ಕೇಳಿ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ನಿಮ್ಮ ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇದೆ ಅಂದುಕೊಳ್ಳೋಣ. ತಲೆಗೆ ದಿನಕ್ಕೆ 135 ಲೀಟರ್‌ನಂತೆ ನಾಲ್ಕು ಜನಕ್ಕೆ 540 ಲೀಟರ್. ಅದರಲ್ಲಿ 270 ಗ್ರಾಂ ಗಡಸುತನ. 25 ಲೀಟರ್ ರೆಸಿನ್ ಇದ್ದರೆ 1250 ಗ್ರಾಂ ಹಿಡಿಯುತ್ತದೆ, ನಾಲ್ಕು ದಿನ ಆರಾಮಾಗಿ ನಡೆಯುತ್ತದೆ. ನಲ್ಲಿಗೆ ಸಿಕ್ಕಿಸುವ ಪುಟ್ಟ ಸಾಫ್ಟ್‌ನರ್ ಸಾಕಲ್ವಾ ಅಂತ ಕೇಳುತ್ತಾರೆ. ಒಂದು ಲೀಟರ್ ರೆಸಿನ್ ಇದ್ದರೂ ಈ ನೀರಿನಲ್ಲಿ 100 ಲೀಟರ್‌ಗೇ ಅದರ ಕೆಲಸ ಮುಗಿಯಿತು. ಐದಾರು ಬಕೆಟ್ ಅಷ್ಟೇ.

ಎಲ್ಲಿ ಕೂರಿಸುತ್ತೀರಿ ಎನ್ನುವುದೂ ಮುಖ್ಯ. ಟೆರೇಸ್ ಮೇಲೆ ಟ್ಯಾಂಕಿನ ಕೆಳಗೆ ಕೂರಿಸಿದರೆ ಮೇಲಿನ ಮಹಡಿಯ ಶವರ್ ತೊಟ್ಟಿಕ್ಕುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ, ಟ್ಯಾಂಕಿನಿಂದ ಆ ಶವರಿಗೆ ಮೂರು ಮೀಟರೂ ಇರುವುದಿಲ್ಲ. ಸಂಪಿನ ಪಂಪಿಗೂ ಓವರ್‌ಹೆಡ್ ಟ್ಯಾಂಕಿಗೂ ನಡುವೆ ಕೂರಿಸಿದರೆ ಪಂಪಿನ ಒತ್ತಡವೇ ಕೆಲಸ ಮಾಡುತ್ತದೆ. ಪಂಪ್ ಎಷ್ಟು ನೀರು ತಳ್ಳುತ್ತದೆ ಅಂತ ಮಾತ್ರ ಮಾರುವವರಿಗೆ ಮೊದಲೇ ಹೇಳಿ. ಬೋರ್ ನೀರಿನಲ್ಲಿ ಮರಳು, ಕಬ್ಬಿಣ ಇದ್ದರೆ ಅವಕ್ಕೆ ಬೇರೆ ಫಿಲ್ಟರ್ ಮುಂಚೆಯೇ ಬೇಕು. ಕಬ್ಬಿಣ ಕೂತರೆ ರೆಸಿನ್ ಹಾಳಾಗುತ್ತದೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಆ ಉಪ್ಪೆಲ್ಲ ಎಲ್ಲಿಗೆ ಹೋಗುತ್ತದೆ? 25 ಲೀಟರ್ ರೆಸಿನ್ ಒಂದು ಸಲ ತೊಳೆಯಲು ಮೂರರಿಂದ ನಾಲ್ಕು ಕಿಲೋ ಉಪ್ಪು ಬೇಕು. ತಿಂಗಳಿಗೆ ಇಪ್ಪತ್ತು ಕಿಲೋ ದಾಟುತ್ತದೆ. ಅದರಲ್ಲಿ ಬಹುಪಾಲು ಚರಂಡಿಗೆ. ತೊಳೆದ ಆ ಉಪ್ಪುನೀರನ್ನು ತೆಂಗಿನ ಬುಡಕ್ಕೆ ಬಿಡುವವರಿದ್ದಾರೆ, ದಯವಿಟ್ಟು ಬಿಡಬೇಡಿ. ಸೋಡಿಯಂ ಸೇರಿದ ಜೇಡಿಮಣ್ಣು ಗಟ್ಟಿಯಾಗಿ ನೀರು ಇಂಗುವುದೇ ನಿಲ್ಲುತ್ತದೆ. ಮಳೆನೀರಿನ ಇಂಗುಗುಂಡಿಗಂತೂ ಬೇಡವೇ ಬೇಡ. ನಿಮ್ಮ ಉಪ್ಪು ನಿಮ್ಮ ಬೋರಿಗೋ ಪಕ್ಕದ ಮನೆಯವರ ಬೋರಿಗೋ ಇಳಿಯುತ್ತದೆ. ಗಿಡಗಳ ನಲ್ಲಿಯನ್ನು ಸಾಫ್ಟ್‌ನರ್‌ಗಿಂತ ಮೊದಲೇ ತೆಗೆಸಿಕೊಳ್ಳಿ. ಗಿಡಕ್ಕೆ ಕ್ಯಾಲ್ಸಿಯಂ ಬೇಕು.

ಉಪ್ಪು ಕಡಿಮೆ ಮಾಡಲು ಒಳ್ಳೆಯ ದಾರಿ ಮಳೆನೀರು. ಅದರಲ್ಲಿ ಗಡಸುತನ ಇಲ್ಲವೇ ಇಲ್ಲ ಎನ್ನಬಹುದು. ಸಾವಿರ ಚದರಡಿ ಟೆರೇಸ್ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್. ಮೊದಲ ಮಳೆ ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ಸಂಪಿಗೆ ಬಿಡಿ. ಅರ್ಧಕ್ಕರ್ಧ ಬೆರೆತರೆ ಗಡಸುತನವೂ ಅರ್ಧ, ಉಪ್ಪೂ ಅರ್ಧ. ಆದರೆ ತಾನೇ ತೊಳೆದುಕೊಳ್ಳುವ ಆಟೋಮ್ಯಾಟಿಕ್ ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ. ಟೈಮರ್ ಇರುವುದು ದಿನ ಎಣಿಸುತ್ತದೆ, ಮೀಟರ್ ಇರುವುದು ಲೀಟರ್ ಎಣಿಸುತ್ತದೆ. ಗಡಸುತನ ಎರಡಕ್ಕೂ ತಿಳಿಯದು. ಮಳೆಗಾಲ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಸಂಪಿನ ನೀರಿಗೆ ಹನಿ ಹಾಕಿ ನೋಡಿ, ಸೆಟ್ಟಿಂಗ್ ನೀವೇ ಬದಲಿಸಿಕೊಳ್ಳಿ.