ಕಬ್ಬಿಣದ ಜೊತೆಗಾರ ವಿಟಮಿನ್ ಸಿ

ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗದ ಲಕ್ಷಣ ಬರೆಯಿರಿ ಎಂದರೆ ನಾವೆಲ್ಲ ಒಂದೇ ಪಟ್ಟಿ ಒಪ್ಪಿಸುತ್ತೇವೆ. ವಸಡಿನಲ್ಲಿ ರಕ್ತ, ಅಲುಗಾಡುವ ಹಲ್ಲು, ಚರ್ಮದ ಮೇಲೆ ಕೆಂಪು ಚುಕ್ಕೆ, ಮಾಯದ ಗಾಯ. ಇದನ್ನು ಸುಮ್ನೆ ಉರು ಹೊಡೆಯಬೇಡಿ. ಕಬ್ಬಿಣದ ಒಂದು ಕೆಲಸ ಅರ್ಥವಾದರೆ ಪಟ್ಟಿ ತಾನಾಗೇ ನೆನಪಿಗೆ ಬರುತ್ತದೆ.

ಚರ್ಮ, ರಕ್ತನಾಳದ ಗೋಡೆ, ವಸಡು, ಮೂಳೆ ಎಲ್ಲಕ್ಕೂ ಗಟ್ಟಿತನ ಕೊಡುವುದು ಕೊಲಾಜೆನ್ ಎಂಬ ಪ್ರೋಟೀನು. ಮೂರು ಎಳೆ ಸೇರಿಸಿ ಹೊಸೆದ ಹಗ್ಗ ಅಂದುಕೊಳ್ಳಿ. ಹೊಸೆತ ಬಿಚ್ಚದೆ ನಿಲ್ಲಬೇಕಾದರೆ ಎಳೆಗಳಲ್ಲಿರುವ ಪ್ರೋಲೀನ್ ಎಂಬ ಅಮೈನೋ ಆಮ್ಲಗಳಲ್ಲಿ ಹಲವಕ್ಕೆ ಹೈಡ್ರಾಕ್ಸಿಲ್ (OH) ಗುಂಪು ಸೇರಬೇಕು. ಅದನ್ನು ಸೇರಿಸುವ ಕಿಣ್ವದ ನಡುವೆ ಒಂದು ಕಬ್ಬಿಣದ ಅಯಾನು ಕೂತಿರುತ್ತದೆ. ಅದು ಫೆರಸ್ (Fe²⁺) ರೂಪದಲ್ಲಿದ್ದರೆ ಮಾತ್ರ ಕಿಣ್ವ ದುಡಿಯುತ್ತದೆ. ಆಗೀಗ ಅದು ಒಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ (Fe³⁺) ಆಗಿ, ಕೆಲಸ ನಿಂತುಹೋಗುತ್ತದೆ. ಆಗ ವಿಟಮಿನ್ ಸಿ ಒಂದು ಎಲೆಕ್ಟ್ರಾನ್ ಕೊಟ್ಟು ಅದನ್ನು ಮತ್ತೆ ಫೆರಸ್ ಮಾಡುತ್ತದೆ. ಇಲ್ಲಿ ಅಷ್ಟೇ ಅದರ ಕೆಲಸ. ಆದರೆ ಅದಿಲ್ಲದಿದ್ದರೆ ಹಗ್ಗವೇ ಸಡಿಲ.

ಈಗ ಪಟ್ಟಿ ಮತ್ತೆ ನೋಡಿ. ಸಣ್ಣ ರಕ್ತನಾಳದ ಗೋಡೆ ಸಡಿಲವಾದರೆ ಚುಕ್ಕೆ, ವಸಡಿನಲ್ಲಿ ರಕ್ತ. ಹಲ್ಲನ್ನು ಕಟ್ಟಿ ಹಿಡಿದ ನಾರು ಸಡಿಲವಾದರೆ ಹಲ್ಲು ಅಲುಗಾಡುತ್ತದೆ. ಗಾಯ ಕೂಡಲು ಹೊಸ ಕೊಲಾಜೆನ್ ಬೇಕು. ಹಿಂದೆ ಸ್ಕರ್ವಿ ಬಂದ ನಾವಿಕರಿಗೆ ಎಂದೋ ಮಾದಿದ್ದ ಗಾಯಗಳೂ ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ಕಲೆಯೊಳಗಿನ ಕೊಲಾಜೆನ್ ಕೂಡ ಸವೆದು ಹೊಸದಾಗುತ್ತಲೇ ಇರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇತಿಹಾಸದಲ್ಲಿ ಎರಡು ಇಸವಿ ಸಾಕು. 1747ರಲ್ಲಿ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿ ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. 1937ರಲ್ಲಿ ವಿಟಮಿನ್ ಸಿ ಕುರಿತ ಸಂಶೋಧನೆಯೂ ಸೇರಿದ ಕೆಲಸಕ್ಕೆ ವಿಜ್ಞಾನಿ ಸೆಂಟ್ ಜಾರ್ಜಿಗೆ ನೊಬೆಲ್ ಬಂತು.

ಹೆಚ್ಚಿನ ಪ್ರಾಣಿಗಳು ವಿಟಮಿನ್ ಸಿಯನ್ನು ಗ್ಲುಕೋಸ್‌ನಿಂದ ತಾವೇ ಮಾಡಿಕೊಳ್ಳುತ್ತವೆ. ನಮ್ಮಲ್ಲಿ ಕೊನೆಯ ಹಂತದ ಕಿಣ್ವದ ಜೀನ್ ಕೆಟ್ಟಿದೆ. ಹಾಗಾಗಿ ತಿಂದೇ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ ದಿನಕ್ಕೆ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65. 100 ಗ್ರಾಂ ಸೀಬೆಹಣ್ಣಿನಲ್ಲೇ ಸುಮಾರು 200 ಮಿಲಿಗ್ರಾಂ ಇರುತ್ತದೆ. ದುಬಾರಿ ಮಾತ್ರೆ ಯಾಕೆ ಬೇಕು, ಅಲ್ವಾ? ದಿನಾ ಮಾತ್ರೆ ನುಂಗಿದರೂ ನೆಗಡಿ ಬರುವುದು ತಪ್ಪುವುದಿಲ್ಲ. ಬಂದ ನೆಗಡಿ ಸ್ವಲ್ಪ ಬೇಗ ಹೋಗಬಹುದು, ಅಷ್ಟೇ.

ಕಬ್ಬಿಣದ ಜೊತೆಗಿನ ಇನ್ನೊಂದು ಕೆಲಸ ನಮ್ಮ ಹಾಸನದ ಅಡುಗೆಮನೆಯಲ್ಲೇ ಕಾಣುತ್ತದೆ. ರಾಗಿ, ಕಾಳು, ಸೊಪ್ಪಿನ ಕಬ್ಬಿಣ ಬಹುಪಾಲು ಫೆರಿಕ್. ಕರುಳು ಅದನ್ನು ಸುಲಭವಾಗಿ ಎಳೆದುಕೊಳ್ಳುವುದಿಲ್ಲ. ಊಟದ ಜೊತೆಗೇ ವಿಟಮಿನ್ ಸಿ ಇದ್ದರೆ ಫೆರಸ್ ಆಗಿ ಒಳಗೆ ಹೋಗುತ್ತದೆ.

ನಮ್ಮಮ್ಮ ಹುರುಳಿಕಾಳು ನೆನೆಸಿ, ನೀರು ಬಸಿದು, ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡುತ್ತಾರೆ. ಮಾರನೆಯ ದಿನ ಗಂಟು ಬಿಚ್ಚಿದರೆ ಬಿಳಿ ಮೊಳಕೆ ಬಟ್ಟೆಯ ನೂಲಿನೊಳಗೇ ತೂರಿಕೊಂಡಿರುತ್ತದೆ. ಒಣ ಕಾಳಿನಲ್ಲಿ ವಿಟಮಿನ್ ಸಿ ಇಲ್ಲವೆನ್ನುವಷ್ಟು ಕಡಿಮೆ. ಮೊಳಕೆ ಒಡೆಯುವಾಗ ಕಾಳು ಅದನ್ನು ಹೊಸದಾಗಿ ತಯಾರಿಸುತ್ತದೆ. ಬೇಯಿಸಿದರೆ ಬಿಸಿಗೆ ಒಂದಷ್ಟು ನಾಶವಾಗುತ್ತದೆ, ಒಂದಷ್ಟು ನೀರಿಗೆ ಬಿಡುತ್ತದೆ. ಕಟ್ಟು ಚೆಲ್ಲದೆ ಸಾರು ಮಾಡಿದರೆ ನೀರಿಗೆ ಬಿಟ್ಟದ್ದು ತಟ್ಟೆಗೇ ಬರುತ್ತದೆ. ನಿಂಬೆ ಹಿಂಡುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಯುವಾಗ ಬೇಡ.

ಕಾಫಿ ಸೀಮೆಯವರಿಗೆ ಇನ್ನೊಂದು ಮಾತು. ಕಾಫಿಯಲ್ಲಿರುವ ಪಾಲಿಫಿನಾಲ್ ಎಂಬ ಸಂಯುಕ್ತಗಳು ಇದೇ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮುದ್ದೆ ಉಂಡು ಕೈ ತೊಳೆದ ಕೂಡಲೇ ಲೋಟ ಹಿಡಿಯಬೇಡಿ, ಕನಿಷ್ಠ ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ.